ಕಾರಿನ ಶೆಡ್ಡಿನಲ್ಲಿ ಬಿಚ್ಚಿ ಒಯ್ಯಬಹುದಾದ ಅಟ್ಟ: ದೊಡ್ಡ ಸಾಮಾನಿಗೆ ಜಾಗ ಮಾಡುವ ಬಗೆ

ನಮ್ಮ ಬಾಗಲಕೋಟೆ ಕಡೆ ಗ್ಯಾರೇಜು ಅಂದರೆ ಗಾಡಿ ರಿಪೇರಿ ಅಂಗಡಿ. ಮನೆಯಲ್ಲಿ ಕಾರು ನಿಲ್ಲಿಸುವ ಜಾಗ ಕಾರ್ ಶೆಡ್. ಹಳೆ ಊರಾಗಲಿ, ವಿದ್ಯಾಗಿರಿಯಾಗಲಿ, ನವನಗರದ ಸೆಕ್ಟರ್‌ಗಳಾಗಲಿ, ಆ ಶೆಡ್ಡಿನೊಳಗೆ ಇಣುಕಿ ನೋಡಿ. ಕಾರಿಗಿಂತ ಬೇರೆ ಸಾಮಾನೇ ಜಾಸ್ತಿ ಇರುತ್ತದೆ. ಬೇಸಿಗೆ ಮುಗಿದ ಮೇಲೆ ಮೂಲೆಗೆ ತಳ್ಳಿದ ಕೂಲರ್, ನೆಂಟರು ಬಂದಾಗ ಮಾತ್ರ ಬಿಚ್ಚುವ ಗಾದಿ, ಮೊಮ್ಮಗ ದೊಡ್ಡವನಾದ ಮೇಲೆ ಖಾಲಿ ಬಿದ್ದಿರುವ ಕಲಘಟಗಿ ತೊಟ್ಟಿಲು, ಗಣಪತಿ ಮಂಟಪದ ಚೌಕಟ್ಟು, ಹೋಳಿಯ ಬಣ್ಣಕ್ಕೆ ತಂದ ಪ್ಲಾಸ್ಟಿಕ್ ಬ್ಯಾರೆಲ್. ಒಂದೂ ಒಗೆಯುವಂಥದ್ದಲ್ಲ. ಒಂದೂ ದಿನಾ ಬೇಕಾಗುವಂಥದ್ದೂ ಅಲ್ಲ.

ಇವಕ್ಕೆಲ್ಲ ನೆಲದ ಮೇಲೆ ಜಾಗ ಕೊಡುವುದಕ್ಕಿಂತ, ಕಾರಿನ ಮೂತಿ ಒಳಗೆ ಹೋಗುವಷ್ಟು ಎತ್ತರದಲ್ಲಿ, ಶೆಡ್ಡಿನ ಹಿಂದಿನ ಗೋಡೆಗೆ ಹೊಂದಿಸಿ ಒಂದು ಅಟ್ಟ ನಿಲ್ಲಿಸಬಹುದು. ಗೋಡೆಗೆ ಒಂದು ತೂತೂ ಕೊರೆಯಬೇಕಿಲ್ಲ. ಬಾಡಿಗೆ ಮನೆಯವರಿಗೆ ಅದೇ ದೊಡ್ಡ ಅನುಕೂಲ, ಅಲ್ವಾ? ಮನೆ ಬಿಡುವಾಗ ನಟ್ಟು ಬಿಚ್ಚಿ ಟೆಂಪೊಗೆ ಹಾಕಿದರಾಯಿತು.

ಶುರು ಮಾಡುವ ಮೊದಲು ಒಂದು ಮಾತು ತಲೆಯಲ್ಲಿರಲಿ: ದೊಡ್ಡ ಸಾಮಾನು ಬೇರೆ, ಭಾರದ ಸಾಮಾನು ಬೇರೆ. ಖಾಲಿ ಬ್ಯಾರೆಲ್ ನೋಡಲು ದೊಡ್ಡದು, ಒಂದೇ ಕೈಯಲ್ಲಿ ಎತ್ತಬಹುದು. ಪುಸ್ತಕದ ಡಬ್ಬಿ ನೋಡಲು ಸಣ್ಣದು, ಎತ್ತಲು ಇಬ್ಬರು ಬೇಕು. ಅಟ್ಟ ಇರುವುದು ದೊಡ್ಡದಾದ, ಹಗುರಾದ ಸಾಮಾನಿಗೆ. ಭಾರದ್ದೆಲ್ಲ ನೆಲಕ್ಕೇ ಇರಬೇಕು. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ.

ಮೊದಲ ಸಲ ಏನಾಯಿತು

ಮೊದಲ ಸಲ ಅಂಗಡಿಯ ರ್ಯಾಕಿಗೆ ಬಳಸುವ, ಉದ್ದಕ್ಕೂ ತೂತಿರುವ ಕಬ್ಬಿಣದ ಆ್ಯಂಗಲ್ ತಂದಿದ್ದೆ. ಕತ್ತರಿಸುವುದು ಸುಲಭ, ನಟ್ಟು ಬೋಲ್ಟು ಹಾಕಿದರೆ ಮುಗಿಯಿತು. 8 ಅಡಿ ಉದ್ದ, 4 ಅಡಿ ಅಗಲ. ನಾಲ್ಕು ಮೂಲೆಗೆ ನಾಲ್ಕು ಕಾಲು. ನಡುವೆ ಕಾರು ಬರಬೇಕಲ್ಲ, ಅದಕ್ಕೆ ಅಲ್ಲಿ ಕಾಲಿಲ್ಲ. ಕೂಲರ್, ಗಾದಿ, ತೊಟ್ಟಿಲು ಇಟ್ಟೆವು. ತಿಂಗಳೊಪ್ಪತ್ತು ಚೆನ್ನಾಗಿಯೇ ಇತ್ತು. ಆಮೇಲೆ ಊರಿಂದ ಜೋಳ ಬಂತು. 50 ಕಿಲೊದ ಎರಡು ಚೀಲ. ಇಲಿ ಕಾಟಕ್ಕೆ ಹೆದರಿ ಅವನ್ನೂ ಮೇಲಕ್ಕೆ ಏರಿಸಿಬಿಟ್ಟೆ. ಅವ್ವ ಬಾಗಿಲಲ್ಲೇ ನಿಂತು, "ಜ್ವಾಳದ ಚೀಲ ಮ್ಯಾಲೆ ಯಾಕ ಇಡಾಕತ್ತೀಯೋ?" ಅಂದಿದ್ದಳು. ಕೇಳಲಿಲ್ಲ.

ನಾಲ್ಕನೇ ದಿನ ಗೇಟಿನಿಂದ ನೋಡಿದಾಗ ಮುಂದಿನ ಆ್ಯಂಗಲ್ ಬಿಲ್ಲಿನಂತೆ ಕೆಳಗೆ ಜಗ್ಗಿತ್ತು. ಹತ್ತಿರ ಹೋಗಿ ನೋಡಿದೆ. ಅದು ಬರೀ ಬಾಗಿರಲಿಲ್ಲ, ಹೊರಕ್ಕೆ ತಿರುಚಿಕೊಂಡಿತ್ತು. ಬೋಲ್ಟು ಕೂತ ತೂತು ಗುಂಡಗಿದ್ದದ್ದು ಉದ್ದವಾಗಿತ್ತು. ಸುತ್ತ ಬಣ್ಣ ಉದುರಿ ಬಿಳಿ ಕಬ್ಬಿಣ ಕಾಣುತ್ತಿತ್ತು. ಚೀಲ ಇಳಿಸಲು ಕೈ ಹಾಕುವಷ್ಟರಲ್ಲಿ ಒಂದು ಬೋಲ್ಟು ಟಣ್ ಎಂದು ಹಾರಿತು. ಕೂಲರ್ ಜಾರಿ ಕಾರಿನ ಬಾನೆಟ್ ಮೇಲೆ ಬಿತ್ತು. ಮಗಳು ದಿನಾ ಸೈಕಲ್ ನಿಲ್ಲಿಸುವ ಜಾಗ ಅದು. ಆ ಹೊತ್ತಿಗೆ ಅವಳು ಶಾಲೆಯಲ್ಲಿದ್ದಳು.

ಮರುದಿನ ನಮ್ಮ ಓಣಿಯ ಹಿರಿಯ ಬಡಿಗೇರರನ್ನು ಕರೆದುಕೊಂಡು ಬಂದು ತೋರಿಸಿದೆ. ಅವರು ಬಾಗಿದ ಆ್ಯಂಗಲ್ ಕೈಯಲ್ಲಿ ಹಿಡಿದು ಹೇಳಿದ್ದು ಇಷ್ಟೇ: "ತಮ್ಮಾ, ನೀ ಮಾಡಿದ್ದು ರ್ಯಾಕ್ ಅಲ್ಲ, ಸೇತುವಿ. ಎರಡೂ ದಂಡಿಗೆ ಕಾಲು, ನಡುವ ಏನೂ ಇಲ್ಲ. ಸೇತುವಿಗೆ ತೊಲಿ ಬೇಕು."

ಅಂಗಡಿಯ ರ್ಯಾಕಿಗೆ ಮೂರು ಅಡಿಗೊಂದು ಕಾಲು ಇರುತ್ತದೆ. ಅದಕ್ಕೇ ತೆಳು ಆ್ಯಂಗಲ್ ತಡೆಯುತ್ತದೆ. ಅದನ್ನೇ 8 ಅಡಿ ಖಾಲಿ ಜಾಗಕ್ಕೆ ಹಾಕಿದರೆ ತಡೆಯುವುದಿಲ್ಲ. ಆಸರೆಗಳ ನಡುವಿನ ದೂರ ಎರಡು ಪಟ್ಟಾದರೆ, ಅಷ್ಟೇ ಭಾರಕ್ಕೆ ಬಾಗುವುದು ಎಂಟು ಪಟ್ಟಾಗುತ್ತದೆ. ಹಾಗಾಗಿ ಎರಡನೇ ಸಲ ಕಟ್ಟಿಗೆಯಲ್ಲೇ ಮಾಡಿದೆವು. ಮುಂದೆ ಹೇಳುವುದೆಲ್ಲ ಅದರ ಲೆಕ್ಕ.

ಅಳತೆ

ನಮ್ಮ ಶೆಡ್ಡು 10 ಅಡಿ ಅಗಲ, 15 ಅಡಿ ಉದ್ದ. ಕಾರು ಹನ್ನೆರಡೂವರೆ ಅಡಿ. ಉಳಿಯುವುದು ಎರಡೂವರೆ ಅಡಿ. 4 ಅಡಿ ಅಗಲದ ಅಟ್ಟ ನಿಲ್ಲಿಸಿದರೆ ಕಾರಿನ ಮೂತಿ ಸುಮಾರು ಎರಡು ಅಡಿ ಅದರ ಕೆಳಗೆ ಹೋಗುತ್ತದೆ. ನಿಮ್ಮ ಶೆಡ್ಡು ಇದಕ್ಕಿಂತ ಉದ್ದ ಇದ್ದರೆ ಇನ್ನೂ ಒಳ್ಳೆಯದು.

ಕಾರನ್ನು ದಿನಾ ನಿಲ್ಲಿಸುವ ಹಾಗೆಯೇ ನಿಲ್ಲಿಸಿ. ಬಾನೆಟ್ ಎಲ್ಲಿ ಅಟ್ಟದ ಕೆಳಗೆ ಬರುತ್ತದೋ ಅಲ್ಲಿ ನೆಲದಿಂದ ಎತ್ತರ ಅಳೆಯಿರಿ. ಸಣ್ಣ ಕಾರುಗಳಿಗೆ ಅಲ್ಲಿ ಮೂರು ಅಡಿ ಆಸುಪಾಸು ಬರುತ್ತದೆ, ದೊಡ್ಡ ಗಾಡಿಗೆ ಜಾಸ್ತಿ. ಅದರ ಮೇಲೆ ಕನಿಷ್ಠ ಒಂದು ಗೇಣು ಖಾಲಿ ಬಿಡಿ. ನಮ್ಮದರಲ್ಲಿ ತೊಲೆಯ ತಳ ನೆಲದಿಂದ 4 ಅಡಿ 1 ಇಂಚಿಗೆ ಬಂತು. ಅದರ ಮೇಲೆ ತೊಲೆ, ಅಡ್ಡ ಪಟ್ಟಿ, ಪ್ಲೈವುಡ್ ಸೇರಿ ಸಾಮಾನು ಕೂರುವ ಮೇಲ್ಮೈ 4 ಅಡಿ 9 ಇಂಚು. ಭುಜದ ಮಟ್ಟ. ಇದಕ್ಕಿಂತ ಎತ್ತರ ಮಾಡಬೇಡಿ ಎನ್ನುವುದು ನನ್ನ ಸಲಹೆ. ತಲೆಯ ಮೇಲೆ ಎತ್ತಿ ಇಡುವಾಗಲೇ ಸೊಂಟ ಹಿಡಿಯುವುದು, ಸಾಮಾನು ಕೈ ತಪ್ಪುವುದು. ಜೊತೆಗೆ ಅಟ್ಟದ ಅಂಚು ಸರಿಯಾಗಿ ಹಣೆಗೆ ಬಡಿಯುವ ಮಟ್ಟಕ್ಕೆ ಬರುತ್ತದೆ.

ಬಾನೆಟ್ ಎತ್ತಬೇಕಾದಾಗ ಕಾರನ್ನು ಹಿಂದೆ ತೆಗೆಯಲೇಬೇಕು. ಅದಕ್ಕೆ ಒಪ್ಪಿಯೇ ಶುರು ಮಾಡಿ. ಗೋಡೆಯ ಮೇಲೆ ಮೀಟರ್ ಬೋರ್ಡ್ ಇದ್ದರೆ, ಬೋರಿನ ಮೋಟರ್ ಸ್ವಿಚ್ ಇದ್ದರೆ, ಅದರ ಮುಂದೆ ಅಟ್ಟ ಬೇಡವೇ ಬೇಡ. ಹೆಸ್ಕಾಂನವರು ಮೀಟರ್ ಓದಲು ತಿಂಗಳಿಗೊಮ್ಮೆ ಬರುತ್ತಾರೆ. ಅದಕ್ಕಿಂತ ಮುಖ್ಯ, ಕರೆಂಟಿನ ಅವಘಡವಾದರೆ ಆ ಸ್ವಿಚ್ಚಿಗೆ ಕೈ ತಕ್ಷಣ ಎಟುಕಬೇಕು.

ಏನೇನು ತರಬೇಕು

ಹೊಸ ಸಾಗವಾನಿ ದುಬಾರಿ, ಇದಕ್ಕೆ ಬೇಕಾಗಿಯೂ ಇಲ್ಲ. ನಮ್ಮ ಕಡೆ ಹಳೆ ಮನೆ ಬಿಚ್ಚಿದ ಕಟ್ಟಿಗೆ ಮಾರುವವರು ಇರುತ್ತಾರೆ. ಹತ್ತಾರು ವರ್ಷ ಒಣಗಿದ ತೊಲೆ, ಜಂತಿ. ಹೊಸ ಕಟ್ಟಿಗೆಯಂತೆ ಒಣಗುತ್ತಾ ಸೊಟ್ಟಗಾಗುವುದಿಲ್ಲ. ಬೇವು, ಸಾಗವಾನಿ ಯಾವುದಾದರೂ ನಡೆಯುತ್ತದೆ. ಕೊಳ್ಳುವಾಗ ಎರಡು ಕೆಲಸ ಮಾಡಿ. ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಠಣ ಠಣ ಅಂದರೆ ಗಟ್ಟಿ. ಎಲ್ಲಾದರೂ ಬದ್ ಅಂದರೆ ಒಳಗೆ ಟೊಳ್ಳು. ಆಮೇಲೆ ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆಯೇ ನೋಡಿ. ಉದುರಿದರೆ ಹುಳ ಇನ್ನೂ ಜೀವಂತ ಇದೆ, ಆ ತುಂಡು ಬಿಟ್ಟುಬಿಡಿ. ಹಳೆ ಮೊಳೆಗಳನ್ನು ಕೀಳಿಸಿಯೇ ತನ್ನಿ.

ಬೇಕಾದದ್ದು: ಕಾಲಿಗೆ 3×3 ಇಂಚಿನ ನಾಲ್ಕೂವರೆ ಅಡಿಯ 4 ತುಂಡು. ತೊಲೆಗೆ 4×3 ಇಂಚಿನ 8 ಅಡಿಯ 2 ತುಂಡು, ಇವುಗಳಲ್ಲಿ ದೊಡ್ಡ ಗಂಟು, ಬಿರುಕು ಇರಬಾರದು. ಅಡ್ಡ ಪಟ್ಟಿಗೆ 3×2 ಇಂಚಿನ 4 ಅಡಿಯ 7 ತುಂಡು. ತೊಲೆಯ ಕೆಳಗೆ ಆಸರೆಗೆ 3×3 ಇಂಚಿನ, ಒಂದಡಿಯ 4 ತುಂಡು. ಓರೆ ಪಟ್ಟಿಗಳಿಗೆ 3×1 ಇಂಚಿನದು: 9 ಅಡಿಯ 2, 6 ಅಡಿಯ 2, ಒಂದೂವರೆ ಅಡಿಯ 2. ಬಡಿಗೇರರು ಮೂರು ಸೂತು ಅನ್ನುವ ದಪ್ಪದ, ಅಂದರೆ ಸುಮಾರು 10 ಎಂಎಂ ಬೋಲ್ಟು: 7 ಇಂಚು ಉದ್ದದ್ದು 16, 5 ಇಂಚಿನದು 12. ಪ್ರತಿ ಬೋಲ್ಟಿಗೂ ಎರಡೆರಡು ವಾಶರ್. ವಾಶರ್ ಇಲ್ಲದಿದ್ದರೆ ಬೋಲ್ಟಿನ ತಲೆ ಕಟ್ಟಿಗೆಯೊಳಗೆ ಇಳಿದುಬಿಡುತ್ತದೆ.

ಪ್ಲೈವುಡ್ 18 ಎಂಎಂ, 8×4 ಅಡಿಯ ಒಂದು ಪೂರ್ತಿ ಹಾಳೆ. ಅದಕ್ಕೇ ಅಟ್ಟದ ಅಳತೆಯೂ 8×4. ಕತ್ತರಿಸುವ ಕೆಲಸ ಇಲ್ಲ, ತುಂಡು ವ್ಯರ್ಥವಾಗುವುದಿಲ್ಲ. ಹಾಳೆಯೇ ಸುಮಾರು 35 ಕಿಲೊ ತೂಗುತ್ತದೆ, ಎತ್ತಲು ಇಬ್ಬರು ಇರಿ. ಶೆಡ್ಡು ಸೋರುವಂತಿದ್ದರೆ ಐಎಸ್ 710 ಎಂದು ಮುದ್ರೆ ಇರುವ ನೀರು ತಡೆಯುವ ಪ್ಲೈ ತನ್ನಿ. ಇಲ್ಲದಿದ್ದರೆ ಸಾದಾ ಪ್ಲೈ ಸಾಕು.

ನಿಲ್ಲಿಸುವುದು

ಮೊದಲು ನೆಲ. ಶೆಡ್ಡಿನ ನೆಲ ಸಪಾಟಾಗಿ ಕಂಡರೂ ನೀರು ಹರಿಯಲೆಂದು ಗೇಟಿನ ಕಡೆ ಇಳಿಜಾರು ಇಟ್ಟಿರುತ್ತಾರೆ. ಕಾಲುಗಳನ್ನೆಲ್ಲ ಒಂದೇ ಅಳತೆಗೆ ಕೊಯ್ದರೆ ಅಟ್ಟ ಮುಂದಕ್ಕೆ ವಾಲುತ್ತದೆ, ಬ್ಯಾರೆಲ್ ಉರುಳಿ ಕಾರಿನ ಮೇಲೆ ಬರುತ್ತದೆ. ಗೌಂಡಿಗಳು ಬಳಸುವ ಲೆವೆಲ್ ಪೈಪು ತನ್ನಿ. ಗಾಜಿನಂತೆ ಒಳಗಿನ ನೀರು ಕಾಣುವ ಪೈಪು, ಗುಳ್ಳೆ ಇಲ್ಲದಂತೆ ನೀರು ತುಂಬಿ. ಒಂದು ತುದಿಯನ್ನು ಹಿಂದಿನ ಮೂಲೆಯಲ್ಲಿ, ಇನ್ನೊಂದನ್ನು ಮುಂದಿನ ಕಾಲು ಬರುವ ಜಾಗದಲ್ಲಿ ಎತ್ತಿ ಹಿಡಿಯಿರಿ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಮಟ್ಟದಿಂದ ಕೆಳಗೆ ನೆಲಕ್ಕೆ ಎಷ್ಟಿದೆ ಎಂದು ನಾಲ್ಕೂ ಜಾಗದಲ್ಲಿ ಅಳೆದು ಬರೆದುಕೊಳ್ಳಿ. ನಮ್ಮಲ್ಲಿ ನಾಲ್ಕು ಅಡಿಗೆ ಒಂದು ಇಂಚು ಇಳಿಜಾರಿತ್ತು. ಹಿಂದಿನ ಕಾಲುಗಳನ್ನು ಒಂದು ಇಂಚು ಗಿಡ್ಡ ಮಾಡಿದೆವು.

ಪ್ರತಿ ಕಾಲಿನ ಕೆಳಗೆ ಒಂದು ಫರಸಿ ತುಂಡು ಇಡಿ. ಶಹಾಬಾದಿ ಕಲ್ಲಿನ ಒಡೆದ ತುಂಡು ಎಲ್ಲಾ ಮನೆಯಲ್ಲೂ ಬಿದ್ದಿರುತ್ತದೆ. ಮಣ್ಣಿನ ನೆಲವಾದರೆ ಒಂದು ಚದರ ಅಡಿಯದ್ದು ಬೇಕು, ಇಲ್ಲದಿದ್ದರೆ ಕಾಲು ಮಣ್ಣಿಗೆ ಇಳಿಯುತ್ತದೆ. ಎರೆ ಮಣ್ಣಿದ್ದರೆ ಇನ್ನೂ ಜೋಕೆ. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ವರ್ಷಕ್ಕೆರಡು ಸಲ ಲೆವೆಲ್ ನೋಡಬೇಕು. ಕಾಲಿನ ಕೆಳಗಿನ ಅರ್ಧ ಅಡಿಗೆ ಡಾಂಬರು ಬಳಿಯಿರಿ. ಗೆದ್ದಲು ಪೂರ್ತಿ ನಿಲ್ಲುತ್ತದೆ ಎಂದಲ್ಲ. ಆದರೆ ಅದು ಹತ್ತಬೇಕಾದರೆ ಕಲ್ಲು, ಡಾಂಬರಿನ ಮೇಲೆ ಮಣ್ಣಿನ ಗೆರೆ ಕಟ್ಟಲೇಬೇಕು, ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಇದೇ ಕಾರಣಕ್ಕೆ ಅಟ್ಟ ಗೋಡೆಗೆ ತಾಗಬಾರದು. ಎರಡು ಇಂಚು ಬಿಟ್ಟು ನಿಲ್ಲಿಸಿ.

ಇನ್ನು ಜೋಡಣೆ. ಎರಡು ಕಾಲುಗಳನ್ನು ನೆಲದ ಮೇಲೆ ಮಲಗಿಸಿ, ಮೇಲಿನ ತುದಿಗೆ ಸಮನಾಗಿ ತೊಲೆ ಇಡಿ. ತೊಲೆಯ 4 ಇಂಚಿನ ಬದಿ ನಿಂತಿರಬೇಕು, 3 ಇಂಚಿನ ಬದಿ ಮೇಲೆ ಬರಬೇಕು. ಮಕ್ಕಳ ಸ್ಕೇಲ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಮಲಗಿಸಿ ಒತ್ತಿದರೆ ಬಾಗುತ್ತದೆ, ನಿಲ್ಲಿಸಿ ಒತ್ತಿದರೆ ಅಲುಗುವುದಿಲ್ಲ. ಕಟ್ಟಿಗೆ ಅದೇ, ನಿಲ್ಲಿಸಿದ ಬಗೆ ಬೇರೆ. ಅಡ್ಡ ಪಟ್ಟಿಗಳಿಗೂ ಇದೇ ನಿಯಮ, 3 ಇಂಚಿನ ಬದಿ ನಿಂತಿರಲಿ.

ತೊಲೆಯ ಕೆಳಗೆ, ಕಾಲಿಗೆ ಅಂಟಿದಂತೆ, ಒಂದಡಿಯ ಆಸರೆ ತುಂಡನ್ನು ಉದ್ದಕ್ಕೆ ನಿಲ್ಲಿಸಿ. ತೊಲೆ ಅದರ ತಲೆಯ ಮೇಲೆ ಕೂರಬೇಕು, ನಡುವೆ ಕಾಗದ ಕೂಡ ತೂರಬಾರದು. ಎರಡು ಬೋಲ್ಟು ತೊಲೆಗೆ, ಎರಡು ಆಸರೆಗೆ. ಎರಡೂ ಒಂದೇ ಗೆರೆಯಲ್ಲಿ ಬಂದರೆ ಕಟ್ಟಿಗೆ ಸೀಳುತ್ತದೆ, ಚೂರು ಆಚೀಚೆ ಕೊರೆಯಿರಿ. ಇಲ್ಲಿ ಬಡಿಗೇರ ಕಾಕಾ ನನಗೆ ಮತ್ತೆ ಮತ್ತೆ ಹೇಳಿದ ಮಾತಿದೆ: ತೊಲೆಯ ಭಾರ ಆಸರೆ ತುಂಡಿನ ಮೇಲೆ ಇಳಿಯಬೇಕು, ತೊಲೆಯ ಬೋಲ್ಟಿನ ಮೇಲಷ್ಟೇ ತೂಗಬಾರದು. ಹೀಗೆ ಮಾಡಿದರೆ ನಾಲ್ಕೂ ಬೋಲ್ಟು ಭಾರ ಹಂಚಿಕೊಳ್ಳುತ್ತವೆ. ಮೊದಲ ಅಟ್ಟದಲ್ಲಿ ಆಸರೆಯೇ ಇರಲಿಲ್ಲ, ಎಲ್ಲಾ ಭಾರ ಆ್ಯಂಗಲ್ಲಿನ ಬೋಲ್ಟಿನ ಮೇಲೇ ಬಿದ್ದಿತ್ತು.

ಹೀಗೆ ಮುಂದಿನದೊಂದು, ಹಿಂದಿನದೊಂದು ಚೌಕಟ್ಟು ತಯಾರಾದ ಮೇಲೆ ಎಬ್ಬಿಸಿ ನಿಲ್ಲಿಸಿ. ತೊಲೆಗಳು ಒಳಮುಖಕ್ಕೆ ಇರಲಿ. ಇಬ್ಬರು ಹಿಡಿದುಕೊಂಡಿರಿ, ಮೂರನೆಯವರು ಎರಡೂ ತುದಿಗೆ ಅಡ್ಡ ಪಟ್ಟಿ ಹಾಕಲಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆ ಸಮ ಬಂದರೆ ಮೂಲೆಗಳು ನೇರ ಇವೆ. ಉಳಿದ ಐದು ಅಡ್ಡ ಪಟ್ಟಿಗಳನ್ನು 16 ಇಂಚಿಗೊಂದರಂತೆ ಇಟ್ಟು, ಎಲ್ ಆಕಾರದ ತಗಡಿನ ಕ್ಲಾಂಪಿನಿಂದ ತೊಲೆಗೆ ಸ್ಕ್ರೂ ಮಾಡಿ.

ಈಗ ಅಟ್ಟವನ್ನು ಕೈಯಿಂದ ತಳ್ಳಿ ನೋಡಿ, ಅಲ್ಲಾಡುತ್ತದೆ. ಹೆದರಬೇಡಿ. ನಾಲ್ಕು ಕಡ್ಡಿಯ ಚೌಕ ಯಾವತ್ತೂ ಹೊರಳುತ್ತದೆ, ಮೂರು ಕಡ್ಡಿಯ ತ್ರಿಕೋನ ಹೊರಳುವುದಿಲ್ಲ. ಓರೆ ಪಟ್ಟಿ ಇರುವುದು ಅದಕ್ಕೇ. ಹಿಂದಿನ ಎರಡು ಕಾಲುಗಳ ನಡುವೆ 9 ಅಡಿಯ ಎರಡು ಪಟ್ಟಿಗಳನ್ನು ಒಂದಕ್ಕೊಂದು ಅಡ್ಡವಾಗಿ ಹಾಕಿ. ಎಡಕ್ಕೊಂದು, ಬಲಕ್ಕೊಂದು 6 ಅಡಿಯದು, ಹಿಂದಿನ ಕಾಲಿನ ಬುಡದಿಂದ ಮುಂದಿನ ಕಾಲಿನ ತಲೆಗೆ. ಮುಂದೆ ಕಾರು ಬರುವುದರಿಂದ ಪೂರ್ತಿ ಓರೆ ಹಾಕಲಾಗದು. ಅಲ್ಲಿ ಒಂದೂವರೆ ಅಡಿಯ ಗಿಡ್ಡ ಪಟ್ಟಿಗಳನ್ನು ಆಸರೆ ತುಂಡಿನಿಂದ ತೊಲೆಗೆ ಕೂಡಿಸಿ. ಮತ್ತೆ ತಳ್ಳಿ. ವ್ಯತ್ಯಾಸ ಕೈಗೇ ತಿಳಿಯುತ್ತದೆ. ಗೋಡೆಯನ್ನು ಮುಟ್ಟದೆ ನಿಲ್ಲುವ ಅಟ್ಟಕ್ಕೆ ಈ ಪಟ್ಟಿಗಳೇ ಜೀವ. ಅವನ್ನು "ಆಮೇಲೆ ಹಾಕಿದರಾಯಿತು" ಎಂದು ಬಿಡಬೇಡಿ.

ಪ್ಲೈ ಹಾಕಿ ಸ್ಕ್ರೂ ಬಿಗಿಯಿರಿ, ಮೊಳೆ ಬೇಡ. ಮುಂದಿನ ಅಂಚಿಗೆ ಎರಡು ಇಂಚು ಎತ್ತರದ ಪಟ್ಟಿ ಹೊಡೆದರೆ ಉರುಳುವ ಸಾಮಾನು ಅಲ್ಲೇ ತಡೆಯುತ್ತದೆ.

ನೀರಿನ ಕ್ಯಾನಿನ ಪರೀಕ್ಷೆ

ಸಾಮಾನು ಇಡುವ ಮೊದಲು ಇದನ್ನು ಮಾಡಲೇಬೇಕು. ಕಾರನ್ನು ಹೊರಗೆ ನಿಲ್ಲಿಸಿ, ಮಕ್ಕಳನ್ನು ದೂರ ಕಳಿಸಿ. ಮುಂದಿನ ತೊಲೆಯ ಎರಡೂ ತುದಿಗೆ ಮೊಳೆ ಹೊಡೆದು ಒಂದು ದಾರವನ್ನು ಬಿಗಿಯಾಗಿ ಕಟ್ಟಿ. ತೊಲೆಯ ನಡುವೆ, ದಾರ ಹಾದುಹೋಗುವ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ. ಈಗ 20 ಲೀಟರಿನ ನೀರಿನ ಕ್ಯಾನುಗಳನ್ನು ಒಂದೊಂದಾಗಿ ಏರಿಸಿ. ಒಂದು ಲೀಟರ್ ನೀರು ಒಂದು ಕಿಲೊ, ಹಾಗಾಗಿ ತೂಕದ ಲೆಕ್ಕ ಸುಲಭ. ಹತ್ತು ಕ್ಯಾನು ಅಂದರೆ 200 ಕಿಲೊ. ಮನೆಯಲ್ಲಿ ಅಷ್ಟಿಲ್ಲದಿದ್ದರೆ ನೆರೆಯವರಲ್ಲಿ ಒಂದು ರಾತ್ರಿಗೆ ಕೇಳಿ ತನ್ನಿ. ಒಂದೇ ಕಡೆ ಗುಂಪು ಹಾಕದೆ ಹರಡಿ ಇಡಿ, ರಾತ್ರಿಯೆಲ್ಲ ಬಿಡಿ.

ಬೆಳಿಗ್ಗೆ ಗುರುತು ದಾರಕ್ಕಿಂತ ಎಷ್ಟು ಕೆಳಗೆ ಬಂದಿದೆ ನೋಡಿ. ಎರಡು ಸೂತು, ಅಂದರೆ ಕಾಲು ಇಂಚಿನವರೆಗೆ ಚಿಂತೆಯಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ತೊಲೆ ಬದಲಿಸಿ. ಕ್ಯಾನು ಇಳಿಸಿದ ಮೇಲೂ ಒಮ್ಮೆ ನೋಡಿ. ಗುರುತು ಮತ್ತೆ ದಾರಕ್ಕೆ ಮರಳಬೇಕು. ಮರಳದಿದ್ದರೆ ಎಲ್ಲೋ ಜೋಡಿ ಕುಸಿದಿದೆ. ನಮ್ಮದು ಒಂದೂವರೆ ಸೂತು ಇಳಿದು, ಮರಳಿ ಬಂತು. ಆಮೇಲೆ ಎಲ್ಲಾ ನಟ್ಟುಗಳನ್ನು ಇನ್ನೊಮ್ಮೆ ಬಿಗಿದೆವು. 200 ಕಿಲೊ ತಡೆದ ಅಟ್ಟದ ಮೇಲೆ 100 ಕಿಲೊಗಿಂತ ಜಾಸ್ತಿ ಇಡುವುದಿಲ್ಲ ಎಂದು ನಾವು ಗೆರೆ ಹಾಕಿಕೊಂಡಿದ್ದೇವೆ. ಮುಂದಿನ ಪಟ್ಟಿಯ ಮೇಲೆ ದೊಡ್ಡದಾಗಿ ಬರೆದಿದ್ದೇವೆ: "100 ಕಿಲೊ. ಮನುಷ್ಯರು ಹತ್ತಬಾರದು." ಮಕ್ಕಳಿಗೆ ಅಟ್ಟ ಕಂಡರೆ ಅಡಗಿಕೊಳ್ಳುವ ಆಸೆ. ತಿಳಿಸಿ ಹೇಳಬೇಕು.

ಏನು ಎಲ್ಲಿ ಇಡಬೇಕು

ಮೊದಲು ಇಳಿಯಬೇಕಾದದ್ದು ಮುಂದೆ, ಕೊನೆಗೆ ಇಳಿಯುವುದು ಹಿಂದೆ. ಕೇಳಲು ಸಾದಾ ಮಾತು. ಆದರೆ ವರ್ಷದ ಹಬ್ಬಗಳನ್ನು ಎಣಿಸಿಕೊಂಡು ಇಟ್ಟರೆ ಎಷ್ಟೋ ಕಷ್ಟ ತಪ್ಪುತ್ತದೆ. ಮಿರಗದ ಮಳೆ ಬಿದ್ದ ಮೇಲೆ ಕೂಲರ್ ಮೇಲೇರುತ್ತದೆ. ಅದು ಮತ್ತೆ ಬೇಕಾಗುವುದು ಹೋಳಿಯ ಹೊತ್ತಿಗೆ, ಬ್ಯಾರೆಲ್‌ಗಳೂ ಆಗಲೇ ಬೇಕು. ಹಾಗಾಗಿ ಇವೆರಡೂ ಹಿಂದೆ, ಅಕ್ಕಪಕ್ಕ. ಗಣಪತಿ ಮಂಟಪ ಶ್ರಾವಣ ಮುಗಿಯುತ್ತಲೇ ಇಳಿಯುವುದು, ಅದು ಮುಂದೆ. ಗಾದಿ ಯಾವಾಗ ಬೇಕಾಗುತ್ತದೋ ಹೇಳಲಾಗದು, ಅದೂ ಮುಂದೆಯೇ. ನಮ್ಮ ಊರಿನ ಹೋಳಿಯಲ್ಲಿ ಬಂಡಿ, ಟ್ರ್ಯಾಕ್ಟರ್ ಮೇಲೆ ಬ್ಯಾರೆಲ್ ಏರಿಸಿಕೊಂಡು ಓಣಿಓಣಿ ಸುತ್ತುತ್ತಾರೆ. ಹಲಗೆಯ ಸದ್ದು ಕೇಳಿದ ಮೇಲೆ ಬ್ಯಾರೆಲ್ ಹುಡುಕುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ.

4 ಅಡಿ ಒಳಗೆ ಕೈ ಎಟುಕುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಹಿಂದಿನ ಸಾಮಾನಿನ ಕೆಳಗೆ ಹಳೆ ಫ್ಲೆಕ್ಸ್ ಬ್ಯಾನರ್ ಹಾಸಿ, ಅದರ ಅಂಚು ಮುಂದೆ ಇಣುಕುವಂತೆ ಬಿಡಿ. ಬೇಕಾದಾಗ ಅಂಚು ಹಿಡಿದು ಎಳೆದರೆ ಕೂಲರ್ ತಾನಾಗಿ ಮುಂದೆ ಬರುತ್ತದೆ. ಮುಂದಿನ ಪಟ್ಟಿಯ ಹತ್ತಿರ ಬಂದ ಮೇಲೆ ಇಬ್ಬರು ಎತ್ತಿ ಇಳಿಸಿ.

ಕೂಲರ್ ಏರಿಸುವ ಮೊದಲು ನೀರು ಪೂರ್ತಿ ಬಸಿಯಿರಿ. ಹುಲ್ಲಿನ ಪ್ಯಾಡ್ ತೆಗೆದು ಎರಡು ದಿನ ಬಿಸಿಲಿಗೆ ಹಾಕಿ. ಹಸಿ ಇದ್ದರೆ ಬೂಸು ಬರುತ್ತದೆ, ತಳ ತುಕ್ಕು ಹಿಡಿಯುತ್ತದೆ. ಒಣಗಿದ ಪ್ಯಾಡನ್ನೂ ಅದರೊಳಗೇ ಬಿಡಬೇಡಿ, ಇಲಿಗೆ ಅದಕ್ಕಿಂತ ಒಳ್ಳೆ ಗೂಡು ಬೇಕಿಲ್ಲ. ತೊಟ್ಟಿಲಿನ ಅರಗಿನ ಬಣ್ಣಕ್ಕೆ ಕಾವು ಆಗಿಬರುವುದಿಲ್ಲ. ಶೆಡ್ಡಿಗೆ ತಗಡಿನ ಹೊದಿಕೆ ಇದ್ದರೆ ನಮ್ಮ ಏಪ್ರಿಲ್, ಮೇ ಬಿಸಿಲಿಗೆ ತಗಡಿನ ಕೆಳಗೆ ಕೆಂಡದಂಥ ಕಾವು. ತೊಟ್ಟಿಲನ್ನು ಹಳೆ ಕೌದಿಯಲ್ಲಿ ಸುತ್ತಿ ಕೆಳಗಿನ ಸಾಲಿನಲ್ಲಿಡಿ. ಯಾವ ಸಾಮಾನೂ ತಗಡಿಗೆ ಒಂದೂವರೆ ಅಡಿಗಿಂತ ಹತ್ತಿರ ಹೋಗಬಾರದು.

ಪೆಟ್ರೋಲ್, ಸೀಮೆಎಣ್ಣೆ, ಬಣ್ಣದ ಥಿನ್ನರ್, ಗ್ಯಾಸ್ ಸಿಲಿಂಡರ್ ಅಟ್ಟದ ಮೇಲೂ ಬೇಡ, ಕೆಳಗೂ ಬೇಡ. ಇಳಕಲ್ ಸೀರೆಯ ಟ್ರಂಕು, ಹೊಲದ ಕಾಗದಪತ್ರ ಮನೆಯೊಳಗೇ ಇರಲಿ. ಜೋಳದ ಚೀಲ ನೆಲದಿಂದ ನಾಲ್ಕು ಇಂಚು ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ದೂರ. ಇಲಿಗೆ ಬೋನು ಇಡಿ, ಚೀಲವನ್ನು ಮೇಲೆ ಏರಿಸಬೇಡಿ.

ಕಾರು ನಿಲ್ಲುವ ಜಾಗದಲ್ಲಿ ಮುಂದಿನ ಚಕ್ರಕ್ಕೆ ಅಡ್ಡವಾಗಿ ಒಂದು ಕಟ್ಟಿಗೆ ತುಂಡು ಇಡಿ, ಅದು ಜಾರದಂತೆ ಹಿಂದಿನ ಗೋಡೆಯ ತನಕ ಒಂದು ಪಟ್ಟಿಯಿಂದ ಆನಿಸಿ. ಚಕ್ರ ತಾಗಿತೆಂದರೆ ನಿಲ್ಲಿಸಬೇಕು ಎಂದು ಯಾರು ಗಾಡಿ ಓಡಿಸಿದರೂ ಗೊತ್ತಾಗುತ್ತದೆ. ಮುಂದಿನ ಎರಡು ಕಾಲಿಗೆ ಹಳೆ ಸೈಕಲ್ ಟಯರ್ ಸುತ್ತಿ. ಅಟ್ಟದ ಅಂಚಿಗೆ ಹಳದಿ ಟೇಪು ಅಂಟಿಸಿ.

ಬಿಚ್ಚುವ ದಿನಕ್ಕೆ

ಜೋಡಿಸುವಾಗಲೇ ಪ್ರತಿ ಜೋಡಿಗೂ ಬಣ್ಣದಿಂದ ನಂಬರ್ ಹಾಕಿ. ಕಾಲಿಗೆ 1, ಅದಕ್ಕೆ ಕೂಡುವ ತೊಲೆಯ ತುದಿಗೂ 1. ಕಟ್ಟಿಗೆ ತೂತುಗಳು ಕೈಯಿಂದ ಕೊರೆದವು, ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಬಿಚ್ಚುವಾಗ ಮೊದಲು ಪ್ಲೈ, ಆಮೇಲೆ ಚೌಕಟ್ಟುಗಳನ್ನು ಇಬ್ಬರು ಹಿಡಿದುಕೊಂಡು ಅಡ್ಡ ಪಟ್ಟಿ, ಕೊನೆಗೆ ಓರೆ ಪಟ್ಟಿ. ಓರೆ ಪಟ್ಟಿಯನ್ನು ಮೊದಲೇ ತೆಗೆದರೆ ಮೇಲಿನ ಭಾರದ ಜೊತೆ ಇಡೀ ಅಟ್ಟ ಹೊರಳಿ ಬೀಳುತ್ತದೆ. ಬೋಲ್ಟು, ವಾಶರ್, ಕ್ಲಾಂಪುಗಳನ್ನು ಒಂದು ಗಟ್ಟಿ ಚೀಲಕ್ಕೆ ಹಾಕಿ, ಚೀಲವನ್ನು ಒಂದು ತೊಲೆಗೇ ಕಟ್ಟಿ. ತೊಲೆ ಯಾವ ಮನೆಗೆ ಹೋಗುತ್ತದೋ ಬೋಲ್ಟುಗಳೂ ಅಲ್ಲಿಗೇ ಹೋಗುತ್ತವೆ.